ಮಂಡಿಯ ಮೇಲೊಂದು ಮಡಿಕೆ

ಆಳೆತ್ತರದ ರಟ್ಟು ಬಂದದ್ದು ಕಾರವಾರದಿಂದ,
ಲೈನಿನ ವ್ಯಾನಿನಲ್ಲಿ, ಸೋಪಿನ ಪೆಟ್ಟಿಗೆಗಳ ಮೇಲೆ,
ಮೂರು ಮಡಿಕೆಯಾಗಿ ಮಲಗಿ.
ಬಿಡಿಸಿ ನಿಲ್ಲಿಸಿದರೆ ನಮ್ಮ ಹಾರವಾಡದ ಸುಜಯಾ ಹರಿಕಂತ್ರ!
ಒಂದು ಕೈ ಗೆರೆಯಾಚೆಗೆ ಚಾಚಿದೆ,
ಇನ್ನೊಂದರಲ್ಲಿ ತ್ರಿವೇಗ ಬಾಮ್.
ಮೈಬಣ್ಣ ಅರ್ಧ ತೊಳೆದುಬಿಟ್ಟಿದ್ದರು,
ಮೂಗಿನ ಪಕ್ಕದ ಗಾಯದ ಕಲೆ ಒರೆಸಿದ್ದರು.
ಮಂಡಿಯ ಮೇಲಿನ ಮಡಿಕೆ ಮಾತ್ರ
ನಾನು ಇಸ್ತ್ರಿ ಹಾಕಿದರೂ ಹೋಗಲಿಲ್ಲ.

ಅಲ್ಲಿಯತನಕ ತ್ರಿವೇಗ ನನ್ನಲ್ಲಿ ತಿಂಗಳಿಗೆ ಆರು ಡಬ್ಬಿ.
ಅಂಕೋಲೆಯ ಸೊಂಟಗಳಿಗೆ ಬೇರೆಯೇ ಹಳದಿ ಡಬ್ಬಿಯಿತ್ತು, ಅಜ್ಜಂದಿರ ಕಾಲದ್ದು.
ಆ ತಿಂಗಳು ಹನ್ನೆರಡು ಡಜನ್.
ಕೇಣಿಯಿಂದ ಬುಟ್ಟಿ ಹೊತ್ತು ಬರುವವರು ಹೆಸರು ಓದುವವರಲ್ಲ,
ರಟ್ಟಿನ ಕಡೆ ಗದ್ದ ಎತ್ತಿ
"ನಮ್ಮ ಹುಡ್ಗಿದು ಒಂದು ಕೊಡಿ" ಎಂದರು.
ಹೈಸ್ಕೂಲಿನ ಪೋರರು ನೋವಿಲ್ಲದೆಯೇ ಕೊಂಡು
ತೊಡೆಗೆ ಬಳಿದುಕೊಂಡು ಮೈದಾನಕ್ಕೆ ಓಡಿದರು.
ಹಮ್ಮಿ ಗೌಡ್ತಿ ಸೊಪ್ಪಿನ ಕಟ್ಟು ಕೆಳಗಿಟ್ಟು
ರಟ್ಟಿನ ಮುಖವನ್ನು ಹತ್ತಿರದಿಂದ ನೋಡಿದಳು:
"ಇದರಪ್ಪ ನಂಗೆ ಇಪ್ಪತ್ತು ರೂಪಾಯಿ ಕೊಡೂದುಂಟು."

ಒಂದು ದಿನ ಕೇಳಿಯೇಬಿಟ್ಟೆ, ನೋವು ಕಮ್ಮಿಯಾಯ್ತಾ ಅಂತ.
ಮೀನಿನ ಮಂಗಲಿ ಸೊಂಟ ಮುಟ್ಟಿಕೊಂಡು ಯೋಚಿಸಿದಳು.
"ನೋವು ಅಷ್ಟೇ ಉಂಟು.
ಆದ್ರೆ ಒಬ್ಬಳೇ ಅನುಭವಿಸಿದ ಹಾಗೆ ಆಗೂದಿಲ್ಲ."
ಇದನ್ನು ಯಾವ ಖಾತೆಗೆ ಬರೆಯಲಿ?

ಕಂಪನಿಯ ಹುಡುಗ ಟೈ ಸಡಿಲಿಸಿ, ಸೋಡಾ ಕುಡಿಯುತ್ತ ತಿಳಿಹೇಳಿದ:
ಇದಕ್ಕೆ ವಿಶ್ವಾಸ ಅಂತಾರೆ ಸಾರ್,
ಕಾರ್ಖಾನೆಯಲ್ಲಿ ಮಾಡೋದು ಕಷ್ಟ, ಬಾಡಿಗೆಗೆ ತರ್ತೇವೆ.
ನಮ್ಮ ವಿಶ್ವಾಸವನ್ನೇ ನಮಗೆ ಮೂವತ್ತೆಂಟು ರೂಪಾಯಿಗೆ ಮಾರ್ತೀರಾ ಎಂದೆ.
"ನಲವತ್ತು," ಎಂದ, "ಮುಂದಿನ ತಿಂಗಳಿಂದ."

ಫೆಬ್ರವರಿ. ಯಾವುದೋ ದೊಡ್ಡ ಊರಿನ ನೀಲಿ ಮ್ಯಾಟು.
ಅಂಗಡಿಯ ಬಾಗಿಲು ಅರ್ಧ ಎಳೆದು ಎಲ್ಲರೂ ಟೀವಿ ನೋಡುತ್ತಿದ್ದೆವು.
ನಾಲ್ಕು ಜನ ಬಂದು ಕಾಲು ಹಿಡಿದರು.
ಎದ್ದಳು.
ಮತ್ತೆ ಕೂತಳು.
ರಟ್ಟಿಗೆ ಮಡಿಕೆ ಎಲ್ಲಿತ್ತೋ ಸರಿಯಾಗಿ ಅಲ್ಲಿ.
ಯಾರಿಗೂ ಹೇಳಲಿಲ್ಲ ನಾನು; ಆ ರಾತ್ರಿ
ರಟ್ಟಿನ ಮಂಡಿಗೆ ಗಮ್ ಟೇಪು ಸುತ್ತಿದೆ.

ಏಪ್ರಿಲಿನಲ್ಲಿ ವಾಟ್ಸಪ್ಪು: ಹಳೆಯ ಪ್ರಚಾರ ಸಾಮಗ್ರಿ ತೆಗೆಯಿರಿ,
ತೆಗೆದ ಜಾಗದ ಫೋಟೊ ಕಳಿಸಿದವರಿಗೆ ಎರಡು ಶೇಕಡಾ ಹೆಚ್ಚು.
ಹೊಸ ಡಬ್ಬಿಯ ಮೇಲೆ ಯಾವನೋ ಕ್ರಿಕೆಟ್ಟಿನವನು, ಹಲ್ಲು ಚೆನ್ನಾಗಿವೆ.
ತೆಗೆದೆ. ಫೋಟೊ ಕಳಿಸಿದೆ.
ಎರಡು ಶೇಕಡಾ ಬಂತು, ಸುಳ್ಳು ಹೇಳುವುದಿಲ್ಲ.
ರಟ್ಟು ಅಕ್ಕಿ ಚೀಲಗಳ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದೆ,
ಅದರ ಬಿಳಿ ಬೆನ್ನಿನ ಮೇಲೆ
ಪೆನ್ಸಿಲ್ಲಿನಲ್ಲಿ ಗೋಣಿಯ ಲೆಕ್ಕ.
ಮಂಗಲಿ ಹೊಸ ಡಬ್ಬಿಯನ್ನು ತಿರುಗಿಸಿ ನೋಡಿದಳು,
"ಇಂವ ಯಾರ ಮನೆಯಂವ?" ಎಂದು ಇಟ್ಟು
ಹಳದಿ ಡಬ್ಬಿ ಒಯ್ದಳು.

ಮೊನ್ನೆ, ದೋಣಿಗಳನ್ನೆಲ್ಲ ದಂಡೆಗೆ ಎಳೆದ ವಾರ,
ಸುಜಯಾ ಬಂದಳು. ಒಂದು ಕಾಲು ತುಸು ತಡೆದು.
ಕಲೆ ಮೂಗಿನ ಪಕ್ಕ ಇದ್ದಲ್ಲೇ ಇತ್ತು.
ಕಪಾಟಿನ ಹಿಂಬದಿ ಉಳಿದಿದ್ದ ಹಳೆಯ ಡಬ್ಬಿಗಳಲ್ಲಿ ಒಂದನ್ನೆತ್ತಿ
ತನ್ನ ಮುಖದ ಮೇಲೆ ಬೆರಳಾಡಿಸದೆ
ತಳ ತಿರುಗಿಸಿ ತಾರೀಕು ಓದಿದಳು.
"ಇನ್ನೂ ಎರಡು ವರ್ಷ ನಡೀತದಲ್ಲ ಇದು."
ನಡೀತದೆ ಎಂದೆ.
"ನಿಜವಾಗ್ಲೂ ನೋವು ಹೋಗ್ತದಾ?
ನಾ ಹಚ್ಚಿ ನೋಡ್ಲೇ ಇಲ್ಲ.
ಫೋಟೊಕ್ಕೆ ಅಂತ ಕೈಗೆ ಕೊಟ್ಟದ್ದು ಖಾಲಿ ಡಬ್ಬಿ."

ನಾನು ತಕ್ಕಡಿಯ ಬಟ್ಟಲು ಒರೆಸಿದೆ.
ದುಡ್ಡು ಬೇಡ ಎಂದೆ. ಕೇಳಲಿಲ್ಲ,
ನಾಲ್ಕು ಹತ್ತರ ನೋಟು ಎಣಿಸಿಟ್ಟಳು.
"ಮೂವತ್ತೆಂಟು," ಎಂದೆ, "ಇದು ಹಳೇ ಮಾಲು."
ಆಮೇಲೆ ಎರಡು ರೂಪಾಯಿಯ ನಾಣ್ಯಕ್ಕಾಗಿ
ಗಲ್ಲೆಯೊಳಗೆ ಕೈಯಾಡಿಸುತ್ತಲೇ ಇದ್ದೆ,
ಅವಳು ಕಾಯುತ್ತಲೇ ಇದ್ದಳು,
ಭಾರವನ್ನೆಲ್ಲ ಒಂದೇ ಕಾಲಿಗೆ ಕೊಟ್ಟು.